ಬೆನ್ವೆನೂಟಿಯ ಪಂದ್ಯ ನೋಡುವುದು ಹೇಗೆ: ಒಂದು ಪೆನ್ಸಿಲ್, ಹದಿನೈದು ಸಾಲು

ನನ್ನ ಹತ್ತಿರ ಬೆಳಿಗ್ಗೆ ಬಾಕ್ಸಿಂಗ್ ಕಲಿಯಲು ಬರುವ ಹುಡುಗರಿಗೆ ಹಳೆಯ ಚಾಂಪಿಯನ್ ಅಂದರೆ ಫೋನಿನಲ್ಲಿ ಬರುವ ಅರ್ಧ ನಿಮಿಷದ ನಾಕ್‌ಔಟ್. ಒಂದು ಏಟು, ಒಬ್ಬ ಬೀಳುತ್ತಾನೆ, ಮುಂದಿನ ವಿಡಿಯೊ. ಹಾಗೆ ನೋಡಿದರೆ ಇಟಲಿಯ ನಿನೊ ಬೆನ್ವೆನೂಟಿ ಕೈಗೆ ಸಿಗುವವನೇ ಅಲ್ಲ. ಅವನು ಆಡಿದ್ದು 90 ವೃತ್ತಿಪರ ಪಂದ್ಯ, ಗೆದ್ದದ್ದು 82. ಅದರಲ್ಲಿ ನಾಕ್‌ಔಟ್ 35 ಮಾತ್ರ. ಉಳಿದ ಗೆಲುವುಗಳಲ್ಲಿ ಹೆಚ್ಚಿನವು ಒಂದೊಂದೇ ರೌಂಡ್ ಕೂಡಿಸಿಕೊಂಡು ಬಂದವು. ಅಂಥವನನ್ನು ನೋಡಬೇಕಾದರೆ ನೀವೇ ಜಡ್ಜ್ ಆಗಿ ಕೂರಬೇಕು.

ನಾನು ಸೈನ್ಯದಲ್ಲಿದ್ದಾಗ ಗ್ಲವ್ಸ್ ಹಾಕಿದವನು. ಆಮೇಲೆ ರಿಂಗ್ ಪಕ್ಕದ ಕುರ್ಚಿಯಲ್ಲಿ ಕೂತು ಅಂಕ ಬರೆದವನು. ಆ ಅಭ್ಯಾಸದಿಂದಲೇ ಇದನ್ನು ಹೇಳುತ್ತಿದ್ದೇನೆ. ಹಿರಿಯರನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ ಅಂತ ಬೇಜಾರಾಗಬೇಡಿ. ರಿಂಗ್‌ನಲ್ಲಿ ನಿಂತವರ ಬಗ್ಗೆ ನಾವು ಮಾತಾಡುವುದೇ ಹಾಗೆ.

ಮೊದಲು ಹಾಳೆ. ಮೂರು ಕಾಲಂ ಎಳೆಯಿರಿ: ರೌಂಡ್ ನಂಬರ್, ಒಬ್ಬನ ಹೆಸರು, ಇನ್ನೊಬ್ಬನ ಹೆಸರು. ಕೆಳಗೆ 15 ಸಾಲು. ಆಗ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ 15 ರೌಂಡಿನದು, ಈಗಿನ ಹಾಗೆ 12 ಅಲ್ಲ. ರೌಂಡಿಗೆ 3 ನಿಮಿಷ, ನಡುವೆ 1 ನಿಮಿಷ ಬಿಡುವು. ಪೂರ್ತಿ ನಡೆದರೆ 59 ನಿಮಿಷ. ಅಷ್ಟು ಹೊತ್ತು ಫೋನ್ ಬದಿಗಿಟ್ಟು ಕೂರಲು ಆಗುವ ದಿನವೇ ಶುರು ಮಾಡಿ. ಹೈಲೈಟ್ಸ್ ಬೇಡ, ಎಲ್ಲ ರೌಂಡೂ ಇರುವ ವಿಡಿಯೊ ಹುಡುಕಿ. ಸೌಂಡ್ ಪೂರ್ತಿ ತೆಗೆದುಬಿಡಿ. ಜನ ಕೂಗಿದರೆ ಗ್ಲವ್ಸ್ ಮೇಲೆ ಬಿದ್ದ ಏಟೂ ಮುಖಕ್ಕೇ ಬಿತ್ತು ಅನ್ನಿಸುತ್ತದೆ. ಕಾಮೆಂಟರಿ ಹೇಳುವವನಂತೂ ಮೊದಲೇ ಯಾರೋ ಒಬ್ಬನ ಕಡೆ ವಾಲಿರುತ್ತಾನೆ.

ಅಂಕ ಬರೆಯುವುದು ಸುಲಭ. ರೌಂಡ್ ಗೆದ್ದವನಿಗೆ 10, ಸೋತವನಿಗೆ 9. ನೆಲಕ್ಕೆ ಬಿದ್ದು ಎದ್ದವನಿಗೆ ಸಾಮಾನ್ಯವಾಗಿ 8. ಬಿಡುವಿನ ನಿಮಿಷದಲ್ಲೇ ಬರೆದುಬಿಡಬೇಕು, ಮತ್ತೆ ತಿದ್ದಬಾರದು. ರಿಂಗ್ ಪಕ್ಕ ಕೂತ ಜಡ್ಜ್‌ಗೆ ರಿವೈಂಡ್ ಇರುವುದಿಲ್ಲ ಅಲ್ವಾ? ಬರೆದಾದ ಮೇಲೆ ಉಳಿದ ಸಮಯ ಕಾರ್ನರ್, ಅಂದರೆ ಬಾಕ್ಸರ್ ಬಿಡುವಿಗೆ ಬಂದು ಕೂರುವ ರಿಂಗ್ ಮೂಲೆ ನೋಡಿ. ಸ್ಟೂಲ್ ಮೇಲೆ ಕೂತವನ ಹೊಟ್ಟೆ ಎಷ್ಟು ಜೋರಾಗಿ ಏರಿಳಿಯುತ್ತಿದೆ, ಕಣ್ಣಿನ ಮೇಲೆ ಬಟ್ಟೆ ಒತ್ತುತ್ತಿದ್ದಾರಾ, ನೀರು ನುಂಗುತ್ತಿದ್ದಾನಾ ಅಥವಾ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಾನಾ. ಮುಂದಿನ ರೌಂಡಿನ ಅರ್ಧ ಕಥೆ ಅಲ್ಲೇ ಇರುತ್ತದೆ.

ಎಲ್ಲಿಂದ ಶುರು? ಎಲ್ಲರೂ 1960ರ ರೋಮ್ ಒಲಿಂಪಿಕ್ಸ್ ಅನ್ನುತ್ತಾರೆ. ಅಲ್ಲಿ ಬೆನ್ವೆನೂಟಿ ವೆಲ್ಟರ್‌ವೇಟ್ ಅನ್ನುವ ತೂಕದ ವಿಭಾಗದಲ್ಲಿ ಚಿನ್ನ ಗೆದ್ದ, ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಯೂರಿ ರಾದೋನ್ಯಾಕ್‌ನನ್ನು ಸೋಲಿಸಿದ. ಆ ಕೂಟದ ಅತ್ಯುತ್ತಮ ಶೈಲಿಯ ಬಾಕ್ಸರ್‌ಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿಯೂ ಅವನಿಗೇ ಬಂತು. ಅದೇ ಕೂಟದಲ್ಲಿ ಲೈಟ್ ಹೆವಿವೇಟ್ ಚಿನ್ನ ಗೆದ್ದ 18ರ ಹುಡುಗ ಕ್ಯಾಸಿಯಸ್ ಕ್ಲೇ, ಮುಂದೆ ಮುಹಮ್ಮದ್ ಅಲಿ ಆದವನು. ಅದಕ್ಕೇ ಬೆನ್ವೆನೂಟಿ ಹೆಸರು ಬಂದಾಗಲೆಲ್ಲ ಜನ ಈ ಟ್ರೋಫಿಯ ಕಥೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅದರಿಂದ ಅವನ ಆಟದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಮೂರು ರೌಂಡಿನ ಅಮೆಚೂರ್ ಆಟ ಬೇರೆ, ಹದಿನೈದು ರೌಂಡ್ ಬೇರೆ.

ನನ್ನ ಮಾತು ಕೇಳಿದರೆ 1967ರ ಏಪ್ರಿಲ್ 17ರಿಂದ ಶುರು ಮಾಡಿ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ ವಿಶ್ವ ಮಿಡಲ್‌ವೇಟ್ ಚಾಂಪಿಯನ್ ಎಮಿಲ್ ಗ್ರಿಫಿತ್. ಆಗ ಇಟಲಿಯಲ್ಲಿ ನಡುರಾತ್ರಿ ಕಳೆದು ಬೆಳಗಿನ ಜಾವ. ಟಿವಿಯಲ್ಲಿ ನೇರ ಪ್ರಸಾರ ಇರಲಿಲ್ಲ. ಪಾವೊಲೊ ವಾಲೆಂಟಿಯ ರೇಡಿಯೊ ಕಾಮೆಂಟರಿ ಕೇಳುತ್ತಾ ಲಕ್ಷಾಂತರ ಜನ ನಿದ್ದೆಗೆಟ್ಟು ಕೂತಿದ್ದರು. ಅವರಿಗೆ ಧ್ವನಿ ಮಾತ್ರ ಇತ್ತು. ನೀವು ಚಿತ್ರ ಮಾತ್ರ ನೋಡಿ.

ಎರಡನೇ ರೌಂಡಿನಲ್ಲಿ ಗ್ರಿಫಿತ್ ಕೆಳಗೆ ಬೀಳುತ್ತಾನೆ. ನಾಲ್ಕನೆಯದರಲ್ಲಿ ಬೆನ್ವೆನೂಟಿ. ಇಲ್ಲೊಂದು ಸೂಕ್ಷ್ಮ ಇದೆ. ಆಗ ನ್ಯೂಯಾರ್ಕ್‌ನಲ್ಲಿ ಹತ್ತರ ಲೆಕ್ಕ ಇರಲಿಲ್ಲ, ಯಾರು ಎಷ್ಟು ರೌಂಡ್ ಗೆದ್ದರು ಅಂತ ಎಣಿಸುತ್ತಿದ್ದರು. ಕೆಡವಿ ಗೆದ್ದರೂ ಒಂದೇ ರೌಂಡ್, ಕೂದಲೆಳೆಯಲ್ಲಿ ಗೆದ್ದರೂ ಒಂದೇ ರೌಂಡ್. ಹಾಗಾಗಿ ಹಾಳೆಯ ಅಂಚಿನಲ್ಲಿ ಇನ್ನೊಂದು ಲೆಕ್ಕ ಇಡಿ, ರೌಂಡ್ ಗೆದ್ದವನ ಹೆಸರಿನ ಕೆಳಗೆ ಒಂದು ಗೀಟು. ಕೊನೆಗೆ ಎರಡೂ ಹೋಲಿಸಿ ನೋಡಿ. ಅವತ್ತು ರೆಫರಿ ಮತ್ತು ಇಬ್ಬರು ಜಡ್ಜ್, ಮೂವರೂ ಬೆನ್ವೆನೂಟಿಯನ್ನೇ ಗೆಲ್ಲಿಸಿದರು.

ಐದನೇ ರೌಂಡಿನಿಂದ ಕೈ ನೋಡುವುದು ಬಿಟ್ಟು ಕಾಲು ನೋಡಿ. ಇದು ನಾನು ಹುಡುಗರಿಗೆ ಕೊಡುವ ಶಿಕ್ಷೆಯೂ ಹೌದು, ಪಾಠವೂ ಹೌದು. ಗ್ರಿಫಿತ್ ಹತ್ತಿರ ನುಗ್ಗಿ, ತೋಳು ಸಿಕ್ಕಿಸಿಕೊಂಡು, ಭುಜದಲ್ಲಿ ತಳ್ಳಿ ಹೊಡೆಯುವ ಗಟ್ಟಿಗ. ಬೆನ್ವೆನೂಟಿ ಎತ್ತರವಾಗಿ, ಬೆನ್ನು ನೆಟ್ಟಗೆ ನಿಂತು, ಎಡಗೈ ಜ್ಯಾಬ್‌ನಿಂದ, ಅಂದರೆ ಮುಂದಿನ ಕೈ ನೇರ ಚಾಚಿ ಹೊಡೆಯುವ ಚುರುಕು ಏಟಿನಿಂದ, ಅವನನ್ನು ದೂರ ಇಡುತ್ತಾನೆ. ಅಂದರೆ ಇಬ್ಬರ ನಡುವಿನ ಜಾಗ ಯಾರು ಹೇಳಿದಷ್ಟು ಇರುತ್ತದೋ ಆ ರೌಂಡ್ ಬಹುತೇಕ ಅವನದು. ಬೆನ್ವೆನೂಟಿಯ ಎಡಗಾಲು ಎಲ್ಲಿದೆ ಅಂತ ನೋಡುತ್ತಾ ಹೋಗಿ. ಅದು ಮುಂದೆ ಊರಿದ್ದಾಗ ಜ್ಯಾಬ್ ಹಿಂದೆಯೇ ಎಡ ಹುಕ್, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು ಬರಬಹುದು. ಅದೇ ಅವನ ನಿಜವಾದ ಆಯುಧ. ತೀರಾ ಹತ್ತಿರ ಬಂದವನಿಗೆ ಬಲಗೈ ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯುವ ಏಟು ಕಾದಿರುತ್ತದೆ.

ಅದೇ ವರ್ಷ ಸೆಪ್ಟೆಂಬರ್ 29ರಂದು ಶಿಯಾ ಸ್ಟೇಡಿಯಂನಲ್ಲಿ ಗ್ರಿಫಿತ್ ಪಟ್ಟ ವಾಪಸ್ ತೆಗೆದುಕೊಂಡ. 1968ರ ಮಾರ್ಚ್ 4ರಂದು ಹೊಸದಾಗಿ ಕಟ್ಟಿ ತೆರೆದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರನೇ ಪಂದ್ಯ. ಒಂಬತ್ತನೇ ರೌಂಡಿನಲ್ಲಿ ಗ್ರಿಫಿತ್‌ನನ್ನು ಕೆಡವಿ, ಪಾಯಿಂಟ್ ಮೇಲೆ ಬೆನ್ವೆನೂಟಿ ಮತ್ತೆ ಚಾಂಪಿಯನ್. ಮೂರನ್ನೂ ಒಂದೇ ವಾರದಲ್ಲಿ ನೋಡಿ. ಒಬ್ಬರನ್ನೊಬ್ಬರು ಓದಿಕೊಂಡ ಇಬ್ಬರು ಎರಡನೇ ಸಲ, ಮೂರನೇ ಸಲ ಏನು ಬದಲಾಯಿಸುತ್ತಾರೆ ಅನ್ನುವುದು ನಾಕ್‌ಔಟ್ ವಿಡಿಯೊದಲ್ಲಿ ಯಾವತ್ತೂ ಕಾಣುವುದಿಲ್ಲ.

ಆಮೇಲೆ ಹಿಂದಕ್ಕೆ ಹೋಗಿ. 1965ರ ಜೂನ್ 18, ಮಿಲಾನ್‌ನ ಸಾನ್ ಸೀರೊ ಫುಟ್‌ಬಾಲ್ ಮೈದಾನ. ಎದುರಾಳಿಯೂ ಇಟಲಿಯವನೇ, ಸಾಂಡ್ರೊ ಮಟ್ಸಿಂಗಿ, ಜೂನಿಯರ್ ಮಿಡಲ್‌ವೇಟ್ ಚಾಂಪಿಯನ್. ದೇಶವೇ ಎರಡು ಭಾಗ ಆಗಿತ್ತು. ಆರನೇ ರೌಂಡಿನಲ್ಲಿ ನಾನು ಹೇಳಿದ ಬಲಗೈ ಅಪ್ಪರ್‌ಕಟ್ ಬಂತು, ಮುಗಿಯಿತು. ಡಿಸೆಂಬರ್‌ನಲ್ಲಿ ರೋಮ್‌ನಲ್ಲಿ ಮತ್ತೆ ಆಡಿದಾಗ 15 ರೌಂಡ್ ಹೋಯಿತು, ಬೆನ್ವೆನೂಟಿ ಪಾಯಿಂಟ್ ಮೇಲೆ ಗೆದ್ದ. ಮಟ್ಸಿಂಗಿ ಆ ತೀರ್ಪನ್ನು ಒಪ್ಪಲೇ ಇಲ್ಲ.

ಇನ್ನು ದಾಖಲೆ ಪಟ್ಟಿ ಓದುವ ಬಗ್ಗೆ ಒಂದು ಮಾತು. 82 ಗೆಲುವು, 7 ಸೋಲು, 1 ಡ್ರಾ ಅಂತ ಸುಮ್ನೆ ಓದಿ ಮುಂದೆ ಹೋಗಬೇಡಿ. ಸೋಲುಗಳ ತಾರೀಕು ಬರೆದುಕೊಳ್ಳಿ. 1961ರಲ್ಲಿ ವೃತ್ತಿಪರನಾದವನು ಮೊದಲ ಸಲ ಸೋತದ್ದು 1966ರ ಜೂನ್‌ನಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಕಿಮ್ ಕಿ-ಸೂಗೆ. ಅದೂ ಜಡ್ಜ್‌ಗಳು ಒಮ್ಮತಕ್ಕೆ ಬಾರದ ತೀರ್ಪು. ತಮಾಷೆ ಅಂದರೆ ಇದೇ ಕಿಮ್‌ನನ್ನು ಬೆನ್ವೆನೂಟಿ ರೋಮ್ ಒಲಿಂಪಿಕ್ಸ್‌ನಲ್ಲಿ ಸೋಲಿಸಿದ್ದ. ಎರಡನೇ ಸೋಲು ಶಿಯಾ ಸ್ಟೇಡಿಯಂ. ಉಳಿದ ಐದೂ 1969ರ ಮೇ ತಿಂಗಳಿಂದ 1971ರ ಮೇ ತಿಂಗಳೊಳಗೆ. ಏಳು ಸೋಲಿನ ಬಾಕ್ಸರ್ ಅನ್ನುವುದಕ್ಕೂ, ಎಂಟು ವರ್ಷ ಬರೀ ಎರಡು ಸಲ ಸೋತು ಕೊನೆಯ ಎರಡು ವರ್ಷದಲ್ಲಿ ಐದು ಸಲ ಸೋತವನು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಆ ಕೊನೆಯ ಎರಡು ವರ್ಷದಿಂದ ಮೂರು ಪಂದ್ಯ ಆರಿಸಿಕೊಳ್ಳಿ.

ಒಂದು, 1969ರ ನವೆಂಬರ್ 22, ರೋಮ್, ಲೂಯಿಸ್ ರೊಡ್ರಿಗೆಸ್ ವಿರುದ್ಧ. ಹಾಳೆ ಇಟ್ಟುಕೊಂಡೇ ನೋಡಿ. ಕ್ಯೂಬಾ ಮೂಲದ ರೊಡ್ರಿಗೆಸ್ ಚುರುಕು, ಬೆನ್ವೆನೂಟಿಯ ಮುಖದಲ್ಲಿ ರಕ್ತ. ನಿಮ್ಮ ಪೆನ್ಸಿಲ್ ರೊಡ್ರಿಗೆಸ್ ಕಡೆಗೇ ಹೋಗುತ್ತಿರುತ್ತದೆ. ಹನ್ನೊಂದನೇ ರೌಂಡಿನಲ್ಲಿ ಒಂದು ಎಡ ಹುಕ್. ಹಾಳೆ ಮಡಚಿಡಬಹುದು. ಈ ಹುಕ್‌ನ ತುಣುಕು ಎಲ್ಲ ಕಡೆ ಸಿಗುತ್ತದೆ, ಆದರೆ ಹತ್ತು ರೌಂಡ್ ಸೋಲುತ್ತಾ ಬಂದದ್ದನ್ನು ನೋಡದವರಿಗೆ ಅದರ ಬೆಲೆ ಗೊತ್ತಾಗುವುದಿಲ್ಲ.

ಎರಡು, 1970ರ ಮೇ 23, ಊಮಾಗ್, ಟಾಮ್ ಬೆಥಿಯಾ ವಿರುದ್ಧ. ಎರಡು ತಿಂಗಳ ಹಿಂದಷ್ಟೇ ಮೆಲ್ಬರ್ನ್‌ನಲ್ಲಿ ಇದೇ ಬೆಥಿಯಾಗೆ ಸೋತಿದ್ದ, ಪಟ್ಟ ಪಣಕ್ಕಿಲ್ಲದ ಪಂದ್ಯದಲ್ಲಿ. ಈ ಸಲ ಎಂಟನೇ ರೌಂಡಿನಲ್ಲಿ ಮುಗಿಸಿದ. ಆಟಕ್ಕಿಂತ ಪಂದ್ಯ ನಡೆದ ಊರು ನೋಡಿ. ಬೆನ್ವೆನೂಟಿ 1938ರ ಏಪ್ರಿಲ್ 26ರಂದು ಹುಟ್ಟಿದ್ದು ಆಗ ಇಟಲಿಗೆ ಸೇರಿದ್ದ ಇಸ್ತ್ರಿಯಾ ಪ್ರದೇಶದ ಕಡಲೂರು ಇಜೋಲಾದಲ್ಲಿ. ಎರಡನೇ ಮಹಾಯುದ್ಧದ ನಂತರ ಆ ನೆಲ ಯುಗೊಸ್ಲಾವಿಯಾಕ್ಕೆ ಹೋಯಿತು. ಅಲ್ಲಿನ ಸಾವಿರಾರು ಇಟಲಿ ಕುಟುಂಬಗಳ ಹಾಗೆ ಇವರದೂ ಊರು ಬಿಟ್ಟು ಟ್ರಿಯೆಸ್ಟೆ ಸೇರಿತು. ಊಮಾಗ್ ಇರುವುದು ಅದೇ ಇಸ್ತ್ರಿಯಾದಲ್ಲಿ. ಬಿಟ್ಟು ಬಂದ ನೆಲಕ್ಕೆ ಚಾಂಪಿಯನ್ ಆಗಿ ಹೋಗಿ ಪಟ್ಟ ಉಳಿಸಿಕೊಂಡ.

ಮೂರು, 1970ರ ನವೆಂಬರ್ 7. ರೋಮ್‌ನ ಪಲಾಟ್ಸೊ ದೆಲ್ಲೊ ಸ್ಪೋರ್ಟ್, ಹತ್ತು ವರ್ಷದ ಹಿಂದೆ ಒಲಿಂಪಿಕ್ ಚಿನ್ನ ಗೆದ್ದ ಅದೇ ಕಟ್ಟಡ. ಎದುರಾಳಿ ಕಾರ್ಲೋಸ್ ಮೊನ್ಸೋನ್, ಅರ್ಜೆಂಟೀನಾದಾಚೆ ಆಗ ಹೆಚ್ಚು ಜನರಿಗೆ ಗೊತ್ತಿರದ ಹೆಸರು. ಇಲ್ಲಿ ಮತ್ತೆ ಕಾಲು ನೋಡಿ. ಗ್ರಿಫಿತ್ ಎದುರು ಜಾಗ ಅಳೆಯುತ್ತಿದ್ದದ್ದು ಬೆನ್ವೆನೂಟಿ. ಈಗ ಅಳೆಯುವವನು ಮೊನ್ಸೋನ್, ಅವನ ಕೈ ಇನ್ನೂ ಉದ್ದ. ಬೆನ್ವೆನೂಟಿ ಹಿಂದೆ ಹಿಂದೆ ಹಗ್ಗದ ಕಡೆ ಹೋಗುವುದು ಯಾವ ರೌಂಡಿನಿಂದ ಜಾಸ್ತಿಯಾಯಿತು ಅಂತ ಗುರುತು ಹಾಕಿ. ಹನ್ನೆರಡನೇ ರೌಂಡಿನ ಆ ಬಲಗೈ ಏಟು ಎಲ್ಲರಿಗೂ ಗೊತ್ತು. ಅದು ಬರುವುದು ನಿಮಗೆ ಎಷ್ಟು ಮೊದಲೇ ಗೊತ್ತಾಯಿತು ಅನ್ನುವುದೇ ಈ ಅಭ್ಯಾಸದ ಪರೀಕ್ಷೆ.

ಮಾಂಟೆ ಕಾರ್ಲೊದಲ್ಲಿ 1971ರ ಮೇ 8ರಂದು ನಡೆದ ಮರುಪಂದ್ಯ ಮೂರೇ ರೌಂಡ್. ಬೆನ್ವೆನೂಟಿಯ ಕಾರ್ನರ್‌ನವರೇ ಸೋಲು ಒಪ್ಪಿ, ಪಂದ್ಯ ನಿಲ್ಲಿಸಿ ಅಂತ ಟವೆಲ್ ಎಸೆದರು. ಅವನು ಸಿಟ್ಟಿನಿಂದ ಅದನ್ನು ಒದ್ದ. ನನ್ನನ್ನು ಕೇಳಿದರೆ ಟವೆಲ್ ಎಸೆದದ್ದು ಸರಿ. ಕಾರ್ನರ್‌ನಲ್ಲಿ ನಿಲ್ಲುವವನ ಕೆಲಸವೇ ಅದು, ಆಟಗಾರನಿಗೆ ಸಿಟ್ಟು ಬಂದರೆ ಬರಲಿ. ಅದಾದ ಮೇಲೆ ಅವನು ರಿಂಗ್‌ಗೆ ಇಳಿಯಲಿಲ್ಲ.

ರಿಂಗ್ ಬಿಟ್ಟ ಮೇಲಿನ ಕಥೆಗೆ ಅಂಕ ಹಾಕಲು ಬರುವುದಿಲ್ಲ, ಆದರೂ ತಿಳಿದಿರಲಿ. ಗ್ರಿಫಿತ್ ಬೆನ್ವೆನೂಟಿಯ ಮಗನೊಬ್ಬನಿಗೆ ಧರ್ಮಪಿತ, ಅಂದರೆ ಗಾಡ್‌ಫಾದರ್ ಆದ. ಗ್ರಿಫಿತ್‌ನ ಕೈ ಖಾಲಿಯಾದ ಕಾಲಕ್ಕೆ ನೆರವಾದವರಲ್ಲಿ ಬೆನ್ವೆನೂಟಿಯೂ ಒಬ್ಬ. ಹೆಂಡತಿಯ ಕೊಲೆಗಾಗಿ ಮೊನ್ಸೋನ್ ಜೈಲಿನಲ್ಲಿದ್ದಾಗ ಅರ್ಜೆಂಟೀನಾಕ್ಕೆ ಹೋಗಿ ನೋಡಿ ಬಂದ. 1995ರಲ್ಲಿ ಮೊನ್ಸೋನ್ ಕಾರು ಅಪಘಾತದಲ್ಲಿ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟ. ಆ ಕೊಲೆಯನ್ನು ನಾನು ಮರೆಯಲಾರೆ, ಮೊನ್ಸೋನ್ ಬಗ್ಗೆ ಹುಡುಗರಿಗೆ ಹೇಳುವಾಗ ಅದನ್ನೂ ಹೇಳಿಯೇ ಹೇಳುತ್ತೇನೆ. ಬೆನ್ವೆನೂಟಿ ಭಾರತಕ್ಕೂ ಬಂದಿದ್ದ, ಮದರ್ ತೆರೇಸಾ ಸಂಸ್ಥೆಯಲ್ಲಿ ಕುಷ್ಠರೋಗಿಗಳ ಸೇವೆಗೆ. 1992ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಸೇರಿದ. 2025ರ ಮೇ 20ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡ.

ಇಷ್ಟು ನೋಡಿ ಮುಗಿಸಿದವರು ಎರಡು ದಾರಿ ಹಿಡಿಯಬಹುದು. ಮೊನ್ಸೋನ್ ಹಿಂದೆ ಹೋದರೆ 1977ರಲ್ಲಿ ನಿವೃತ್ತನಾಗುವ ತನಕ ಅವನು ಪಟ್ಟ ಉಳಿಸಿಕೊಂಡ 14 ಪಂದ್ಯಗಳಿವೆ. ಇಟಲಿಯಲ್ಲೇ ಇರುತ್ತೇನೆ ಅನ್ನುವವರು 1968ರ ಮೇ ತಿಂಗಳಿಗೆ, ಅದೇ ಸಾನ್ ಸೀರೊಗೆ ಹೋಗಿ. ಬೆನ್ವೆನೂಟಿಯನ್ನು ಸೋಲಿಸಿದ ಕಿಮ್ ಎದುರು ನಿಂತಿರುವವನು ಮಟ್ಸಿಂಗಿ. ಯಾರು ಗೆದ್ದರು ಅಂತ ಹುಡುಕಬೇಡಿ, ಇನ್ನೊಂದು ಹಾಳೆ ತೆಗೆದುಕೊಳ್ಳಿ.