ಎಂಬಿಬಿಎಸ್ ಸೀಟು: ಎರಡರಲ್ಲಿ ಒಂದನ್ನು ಆರಿಸುವ ಮೊದಲು ನಾನು ಹಾಕುವ ಲೆಕ್ಕ

ಸೀಟು ಹಂಚಿಕೆಯ ಫಲಿತಾಂಶ ಬಂದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರೊಳಗೆ ಸೀಟು ಬೇಕೋ ಬೇಡವೋ ಎಂಬ ಛಾಯ್ಸ್ ಒತ್ತಬೇಕು, ಶುಲ್ಕ ಕಟ್ಟಬೇಕು, ಮೂಲ ದಾಖಲೆ ಹಿಡಿದುಕೊಂಡು ಕಾಲೇಜಿಗೆ ಹೋಗಬೇಕು. ‘ಈ ಕಾಲೇಜೋ, ಆ ಕಾಲೇಜೋ’ ಎಂದು ಆಗ ಕೂತು ಯೋಚಿಸಲು ಸಮಯ ಸಾಲದು. ಆದ್ದರಿಂದ ನಾನು ಈ ಪ್ರಶ್ನೆಯನ್ನು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು) ಶುರುವಾಗುವ ಮೊದಲೇ ಇತ್ಯರ್ಥ ಮಾಡಿಟ್ಟುಕೊಳ್ಳುತ್ತೇನೆ. ಪಟ್ಟಿಯ ಕ್ರಮ ಗಟ್ಟಿಯಾಗಿದ್ದರೆ ಆಮೇಲೆ ಮಾಡಬೇಕಾದ್ದು ಅದರಂತೆ ನಡೆಯುವುದಷ್ಟೆ.

ಕರ್ನಾಟಕದ ಅಭ್ಯರ್ಥಿಗೆ ಎರಡು ಬಾಗಿಲು. ಒಂದು ರಾಜ್ಯದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ): ಸರ್ಕಾರಿ ಕಾಲೇಜುಗಳ ರಾಜ್ಯ ಕೋಟಾ ಮತ್ತು ಖಾಸಗಿ ಕಾಲೇಜುಗಳ ಸೀಟು ಅಲ್ಲಿ. ಇನ್ನೊಂದು ದೆಹಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ): ದೇಶದ ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಸೀಟು (ಅಖಿಲ ಭಾರತ ಕೋಟಾ), ಏಮ್ಸ್, ಜಿಪ್‌ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಅಲ್ಲಿ. ಮಣಿಪಾಲದ ಕೆಎಂಸಿ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿ ಕೆಇಎ ಪಟ್ಟಿಯಲ್ಲಿ ಯಾಕಿಲ್ಲ ಎಂದು ಪ್ರತಿ ವರ್ಷ ಯಾರಾದರೂ ಹುಡುಕುತ್ತಾರೆ. ಅವು ಡೀಮ್ಡ್, ಎಂಸಿಸಿಯಲ್ಲಿ ನೋಡಬೇಕು. ಎರಡೂ ಕಡೆ ಬೇರೆ ಬೇರೆ ನೋಂದಣಿ. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು 10 ಸಾವಿರ ರೂಪಾಯಿ ಠೇವಣಿ ಇಡಬೇಕು. ಡೀಮ್ಡ್ ಬೇಕೆಂದರೆ ಠೇವಣಿಯೇ 2 ಲಕ್ಷ.

ಕಟ್‌ಆಫ್ ನೋಡುವಾಗ ಅಂಕ ಬಿಟ್ಟುಬಿಡಿ, ಅಖಿಲ ಭಾರತ ರ‍್ಯಾಂಕ್ ಹಿಡಿಯಿರಿ. 2024ರ ನೀಟ್‌ ಪರೀಕ್ಷೆಯಲ್ಲಿ ಮೊದಲ ಸ್ಥಾನದ ಅಂಕ 720, ಅದೂ ಹಲವರಿಗೆ. 2025ರಲ್ಲಿ ಪತ್ರಿಕೆ ಕಠಿಣವಾಗಿ ಮೊದಲ ಸ್ಥಾನವೇ 686ಕ್ಕೆ ಇಳಿಯಿತು. ಹಿಂದಿನ ವರ್ಷದ ಅಂಕ ಹಿಡಿದು ಈ ವರ್ಷದ ಸೀಟು ಊಹಿಸಿದರೆ ದಾರಿ ತಪ್ಪುವುದು ಖಂಡಿತ. ನಾನು ಹಿಂದಿನ ಎರಡು ವರ್ಷಗಳ ಮೊದಲ ಮತ್ತು ಎರಡನೇ ಸುತ್ತಿನ ಕಟ್‌ಆಫ್ ಪಟ್ಟಿ ಇಳಿಸಿಕೊಂಡು, ನಮ್ಮ ಪ್ರವರ್ಗದ ಕಾಲಂ ಮಾತ್ರ ಇಟ್ಟುಕೊಳ್ಳುತ್ತೇನೆ. 2ಎಜಿ, 2ಎಆರ್, 2ಎಕೆ, 2ಎಎಚ್ ಎಲ್ಲವೂ ಬೇರೆ ಬೇರೆ: ಕೊನೆಯ ಅಕ್ಷರ ಗ್ರಾಮೀಣ, ಕನ್ನಡ ಮಾಧ್ಯಮ ಅಥವಾ ಕಲ್ಯಾಣ ಕರ್ನಾಟಕ ಮೀಸಲಾತಿಯನ್ನು ಹೇಳುತ್ತದೆ, ಜಿ ಎಂದರೆ ಇವು ಯಾವುವೂ ಇಲ್ಲದ್ದು. ಸಂವಿಧಾನದ 371ಜೆ ವಿಧಿಯ (ಕಲ್ಯಾಣ ಕರ್ನಾಟಕದ ಮೀಸಲಾತಿ) ಅಡಿ ಬರುವವರು ಎರಡು ಪಟ್ಟಿ ಮಾಡಿಕೊಳ್ಳಬೇಕು. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ಹೊರಗಿನವುಗಳಲ್ಲಿ ಶೇ 8 ಅವರಿಗೆ ಮೀಸಲು. ಹಾಗಾಗಿ ಒಂದೇ ಅಭ್ಯರ್ಥಿಗೆ ಬಳ್ಳಾರಿಯ ಕಟ್‌ಆಫ್ ಬೇರೆ, ಮೈಸೂರಿನದೇ ಬೇರೆ. ಮಾಪ್‌ಅಪ್ (ಉಳಿದ ಸೀಟು ತುಂಬುವ) ಸುತ್ತಿನ ಸಂಖ್ಯೆಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅಲ್ಲಿ ತುಂಬದ ಮೀಸಲು ಸೀಟುಗಳು ಪ್ರವರ್ಗ ಬದಲಿಸಿಕೊಂಡಿರುತ್ತವೆ, ರ‍್ಯಾಂಕ್ ಎಲ್ಲೆಲ್ಲಿಗೋ ಜಿಗಿದಿರುತ್ತದೆ.

ಇನ್ನು ಕ್ರಮ. ಕಂಪ್ಯೂಟರ್ ಮಾಡುವುದು ಬಲು ಸರಳ ಕೆಲಸ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತ ಬರುತ್ತದೆ, ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ನಿಲ್ಲಿಸುತ್ತದೆ. ಅದರ ಕೆಳಗಿನವು ಮುಂದಿನ ಸುತ್ತಿಗೆ ಲೆಕ್ಕಕ್ಕಿಲ್ಲ. ಸಿಗುವ ಸಾಧ್ಯತೆ ಕಡಿಮೆ ಎಂದು ಬೇಕಾದ ಕಾಲೇಜನ್ನು ಕೆಳಗಿಡುವುದು ಈ ಕಾರಣಕ್ಕೇ ದಡ್ಡತನ. ಮೇಲೆ ಬರೆದು ಸಿಗದಿದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ. ಸೇರುವ ಮನಸ್ಸಿಲ್ಲದ ಸೀಟನ್ನು ‘ಇರಲಿ’ ಎಂದು ಬರೆಯುವುದರಲ್ಲೇ ನಷ್ಟ. ಎರಡನೇ ಸುತ್ತಿನಲ್ಲಿ ಸಾಮಾನ್ಯವಾಗಿ ಕ್ರಮ ಬದಲಿಸಲು, ಅಳಿಸಲು ಬಿಡುತ್ತಾರೆ, ಹೊಸದು ಸೇರಿಸಲು ಬಿಡುವುದಿಲ್ಲ. ಆದ್ದರಿಂದ ಮೊದಲ ಸಲವೇ ಉದ್ದ ಪಟ್ಟಿ ಕೊಡಬೇಕು.

ಅತಿ ಹೆಚ್ಚು ಎಡವಟ್ಟಾಗುವುದು ಜಿ ಮತ್ತು ಪಿ ಸಾಲುಗಳಲ್ಲಿ. ಒಂದೇ ಖಾಸಗಿ ಕಾಲೇಜು ಆಪ್ಷನ್ ಪರದೆಯಲ್ಲಿ ಹಲವು ಸಲ ಬರುತ್ತದೆ: ಸರ್ಕಾರಿ ಕೋಟಾದ ಜಿ, ಖಾಸಗಿ ಕೋಟಾದ ಪಿ, ಅನಿವಾಸಿ ಕೋಟಾದ ಎನ್. ಜಿ ಸೀಟಿನ ವಾರ್ಷಿಕ ಶುಲ್ಕ ಸುಮಾರು ಒಂದೂವರೆ ಲಕ್ಷ, ಪಿ ಸೀಟಿನದು ಹತ್ತು ಲಕ್ಷದ ಮೇಲೆ. ಹೆಸರು ಒಂದೇ ಆದ್ದರಿಂದ ಕಣ್ಣು ಜಾರುವುದು ಸುಲಭ. ಇಷ್ಟದ ಕಾಲೇಜಿನ ಪಿ ಸೀಟನ್ನು ಜಿಲ್ಲಾ ಸರ್ಕಾರಿ ಕಾಲೇಜಿಗಿಂತ ಮೇಲೆ ಇಟ್ಟುಬಿಟ್ಟರೆ, ಸರ್ಕಾರಿ ಸೀಟು ಸಿಗುವ ರ‍್ಯಾಂಕ್ ಇದ್ದರೂ ಯಂತ್ರ ಪಿ ಕೊಟ್ಟು ಸುಮ್ಮನಾಗುತ್ತದೆ. ನಾನು ಮೊದಲು ಕಾಗದದ ಮೇಲೆ ಕ್ರಮ ಬರೆದು, ಪ್ರತಿ ಸಾಲಿನ ಪಕ್ಕ ಶುಲ್ಕವನ್ನೂ ಬರೆದು, ಆಮೇಲೆ ಪರದೆಗೆ ಹೋಗುತ್ತೇನೆ. ನಮೂದಿಸಿದ ಮೇಲೆ ಮುದ್ರಿಸಿಕೊಂಡು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ, ಶುಲ್ಕದ ಕಾಲಂ ಸಹಿತ. ನಿಜವಾದ ಹಂಚಿಕೆಗೆ ಮುನ್ನ ಮಾಡುವ ಅಣಕು ಹಂಚಿಕೆಯ ಫಲಿತಾಂಶದಲ್ಲಿ ಮೊದಲು ನೋಡಬೇಕಾದ್ದೂ ಇದನ್ನೇ.

ದುಡ್ಡಿನ ವಿಷಯದಲ್ಲಿ ವಾರ್ಷಿಕ ಬೋಧನಾ ಶುಲ್ಕ ಹೋಲಿಸಿ ಮುಗಿಸುವವರೇ ಹೆಚ್ಚು. ಕೋರ್ಸು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಷಿಪ್. ಊಟ-ವಸತಿ ಬೇಕಾದ್ದು 66 ತಿಂಗಳಿಗೆ. ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ 65 ಸಾವಿರದಂತೆ ಬೋಧನಾ ಶುಲ್ಕ ಸುಮಾರು 2.9 ಲಕ್ಷ, ಹಾಸ್ಟೆಲ್ ಮತ್ತು ಮೆಸ್ ತಿಂಗಳಿಗೆ 6 ಸಾವಿರವೆಂದರೆ 3.96 ಲಕ್ಷ, ಒಟ್ಟು 6.9 ಲಕ್ಷದ ಸುತ್ತ. ಖಾಸಗಿ ಕಾಲೇಜಿನ ಜಿ ಸೀಟಿನಲ್ಲಿ ಬೋಧನಾ ಶುಲ್ಕ 6.75 ಲಕ್ಷ, ಹಾಸ್ಟೆಲ್ ವರ್ಷಕ್ಕೆ ಒಂದೂವರೆ ಲಕ್ಷವೆಂದರೆ ಐದೂವರೆ ವರ್ಷಕ್ಕೆ 8.25 ಲಕ್ಷ, ಒಟ್ಟು 15 ಲಕ್ಷ. ಅಂದರೆ ಜಿ ಸೀಟಿನಲ್ಲಿ ಪಾಠಕ್ಕಿಂತ ವಸತಿಯೇ ದುಬಾರಿ. ಹಾಸ್ಟೆಲ್ ಕಡ್ಡಾಯವೇ, ಹೊರಗೆ ಇರಬಹುದೇ ಎಂದು ಕೇಳಿಕೊಳ್ಳಲೇಬೇಕು. ಆ ಒಂದು ಉತ್ತರ ಇಡೀ ಲೆಕ್ಕವನ್ನು ಬದಲಿಸುತ್ತದೆ.

ಆಮೇಲೆ ಕೊನೆಯ ವರ್ಷದ ಶಿಷ್ಯವೇತನ. ಸರ್ಕಾರಿ ಕಾಲೇಜಿನ ಇಂಟರ್ನ್‌ಗಳ ಶಿಷ್ಯವೇತನವನ್ನು ರಾಜ್ಯ ಸರ್ಕಾರ 2020ರಲ್ಲಿ ತಿಂಗಳಿಗೆ 30 ಸಾವಿರಕ್ಕೆ ಏರಿಸಿತು. ವರ್ಷಕ್ಕೆ 3.6 ಲಕ್ಷ! ಮೇಲಿನ ಲೆಕ್ಕದಲ್ಲಿ ಅಷ್ಟೂ ವರ್ಷದ ಬೋಧನಾ ಶುಲ್ಕ ತೀರಿ ಮೇಲೆ ಉಳಿಯುತ್ತದೆ. ಖಾಸಗಿಯಲ್ಲಿ ಇದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕಚೇರಿಯಲ್ಲಿ ಹೇಳುವ ಮೊತ್ತವನ್ನು ಬರೆದುಕೊಳ್ಳಿ, ಆಮೇಲೆ ಅಲ್ಲಿಯ ಇಂಟರ್ನ್ ಒಬ್ಬರನ್ನು ‘ಖಾತೆಗೆ ಬಂದದ್ದು ಎಷ್ಟು, ಹೋದ ತಿಂಗಳು ಬಂತಾ’ ಎಂದು ಕೇಳಿ. ಸಾಲದ ಮೇಲೆ ಓದುವವರಿಗೆ ಇನ್ನೊಂದು ಮಾತು: ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತದೆ, ಮನೆ ಪತ್ರದ ಕಾನೂನು ಪರಿಶೀಲನೆಗೆ ವಾರಗಟ್ಟಲೆ ಹಿಡಿಯುತ್ತದೆ, ಶುಲ್ಕ ಕಟ್ಟಲು ಇರುವುದು ಕೆಲವೇ ದಿನ. ಪಿ ಸೀಟು ಪಟ್ಟಿಯಲ್ಲಿದ್ದರೆ ಬ್ಯಾಂಕಿನ ಕೆಲಸ ನೀಟ್ ಫಲಿತಾಂಶದ ಹೊತ್ತಿಗೇ ಆರಂಭವಾಗಬೇಕು.

ದುಡ್ಡಿನ ಲೆಕ್ಕ ಸರಿಸಮ ಬಂದಾಗ ನಾನು ನೋಡುವುದು ಆಸ್ಪತ್ರೆಯನ್ನು, ಕಾಲೇಜಿನ ಕಟ್ಟಡವನ್ನಲ್ಲ. ಎಂಬಿಬಿಎಸ್ ಕಲಿಕೆ ಎರಡನೇ ವರ್ಷದಿಂದ ವಾರ್ಡಿಗೆ ಇಳಿಯುತ್ತದೆ, ರೋಗಿಗಳಿಲ್ಲದ ಕಡೆ ಗ್ರಂಥಾಲಯ ಎಷ್ಟು ದೊಡ್ಡದಿದ್ದರೂ ಅಷ್ಟೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ ವರ್ಷಕ್ಕೆ 100 ಸೀಟಿಗೆ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಇರಬೇಕು. ಹಾಸಿಗೆ ಇದ್ದ ಮಾತ್ರಕ್ಕೆ ಅದರಲ್ಲಿ ರೋಗಿ ಇರುತ್ತಾರೆ ಎಂದಲ್ಲ. ಅದನ್ನು ತಿಳಿಯಲು ಮಂಗಳವಾರವೋ ಬುಧವಾರವೋ, ಹಬ್ಬ-ರಜೆ ಇಲ್ಲದ ದಿನ, ಯಾರಿಗೂ ಹೇಳದೆ ಹೋಗಬೇಕು.

ಬೆಳಿಗ್ಗೆ ಒಂಬತ್ತೂವರೆಗೆ ಹೊರರೋಗಿಗಳ ನೋಂದಣಿ ಕೌಂಟರ್ ಎದುರು ನಿಲ್ಲಿ. ಚೀಟಿಯ ಮೇಲೆ ಆ ದಿನದ ಕ್ರಮಸಂಖ್ಯೆ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಯಾರದಾದರೂ ಚೀಟಿ ನೋಡಿದರೆ ಆಸ್ಪತ್ರೆಯ ಆ ದಿನದ ನಾಡಿ ಸಿಕ್ಕಂತೆ. ಅಲ್ಲಿಂದ ಭೇಟಿಯ ಸಮಯದಲ್ಲಿ ಮೆಡಿಸಿನ್ ವಾರ್ಡಿಗೆ. ನಿಜವಾದ ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ, ಕ್ಯಾರಿಯರ್, ಕಿಟಕಿಗೆ ಒಣಗಲು ಹಾಕಿದ ಟವೆಲ್ಲು, ರೋಗಿಗಿಂತ ಹೆಚ್ಚು ಸುಸ್ತಾದ ಮನೆಯವರು ಇರುತ್ತಾರೆ. ಹಾಸಿಗೆಗಳೆಲ್ಲ ಭರ್ತಿ, ಆದರೆ ಜೊತೆಗೊಬ್ಬರೂ ಇಲ್ಲ, ಡ್ರಿಪ್ ಹಾಕಿದವರು ಬೆರಳೆಣಿಕೆ, ಎಲ್ಲರಿಗೂ ‘ಸ್ವಲ್ಪ ಮೈಕೈ ನೋವು’ ಎಂದಾದರೆ ಆಯೋಗದ ಪರಿಶೀಲನೆಗೆಂದು ತುಂಬಿಸಿದ ವಾರ್ಡು ಇರಬಹುದು ಎಂದು ಅನುಮಾನಿಸಿ. ಹೆರಿಗೆ ವಿಭಾಗ ಮತ್ತು ತುರ್ತು ಚಿಕಿತ್ಸಾ ವಿಭಾಗದ ಹೊರಗೆ ಸ್ವಲ್ಪ ಹೊತ್ತು ನಿಂತರೆ ಸಾಕು, ಉಳಿದದ್ದು ಗೊತ್ತಾಗುತ್ತದೆ.

ಇಂಟರ್ನ್‌ಗಳಿಗೆ ಕೇಳುವ ಪ್ರಶ್ನೆ ನೇರವಾಗಿರಲಿ: ನೀವೇ ಮಾಡಿಸಿದ ಹೆರಿಗೆ ಎಷ್ಟು, ಹೊಲಿಗೆ ಹಾಕಲು ಬಿಡುತ್ತಾರಾ, ರಾತ್ರಿ ಪಾಳಿಯಲ್ಲಿ ಹಿರಿಯರು ಯಾರಿರುತ್ತಾರೆ? ‘ಕಾಲೇಜು ಹೇಗಿದೆ’ ಎಂದರೆ ಎಲ್ಲರೂ ‘ಚೆನ್ನಾಗಿದೆ ಸರ್’ ಎಂದೇ ಹೇಳುತ್ತಾರೆ. ಇಲ್ಲೊಂದು ತೊಡಕಿದೆ. ಬೆಂಗಳೂರಿನ ಬಿಎಂಸಿಆರ್‌ಐ (ಬೆಂಗಳೂರು ವೈದ್ಯಕೀಯ ಕಾಲೇಜು) ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಂಥ ದೊಡ್ಡ ಸಂಸ್ಥೆಗಳಲ್ಲಿ ಕಾಣಸಿಗುವ ಕಾಯಿಲೆಗಳ ವೈವಿಧ್ಯ ಬೇರೆಲ್ಲೂ ಇಲ್ಲ. ಬಿಎಂಸಿಆರ್‌ಐ ವಿದ್ಯಾರ್ಥಿಗೆ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಅಕ್ಕಪಕ್ಕದಲ್ಲೇ ಸಿಗುತ್ತವೆ. ಆದರೆ ಅಲ್ಲಿ ಒಂದು ಬ್ಯಾಚ್‌ಗೆ 250 ಮಂದಿ, ಮೇಲೆ ಸ್ನಾತಕೋತ್ತರ ವಿದ್ಯಾರ್ಥಿಗಳ ದಂಡು. ಕೈಯಾರೆ ಮಾಡುವ ಕೆಲಸ ಮೊದಲು ಅವರ ಪಾಲು. 2015–16ರ ಆಸುಪಾಸಿನಲ್ಲಿ ಶುರುವಾದ ಗದಗ, ಕೊಪ್ಪಳ, ಕಾರವಾರ, ಚಾಮರಾಜನಗರದಂಥ ಕಡೆ ಸ್ನಾತಕೋತ್ತರ ಸೀಟು ಕಡಿಮೆಯಿದ್ದಷ್ಟೂ ಇಂಟರ್ನ್‌ನ ಕೈಗೆ ಕೆಲಸ ಹೆಚ್ಚು, ವಿಶೇಷ ವಿಭಾಗಗಳು ಮಾತ್ರ ಕಡಿಮೆ. ಎರಡೂ ಸಿಗುವಂತಿದ್ದರೆ ನಾನು ಹಳೆಯ ದೊಡ್ಡ ಕಾಲೇಜನ್ನೇ ಮೇಲೆ ಬರೆಯುತ್ತೇನೆ. ಜಿಲ್ಲಾ ಸರ್ಕಾರಿ ಕಾಲೇಜು ಮತ್ತು ನಗರದ ಪಿ ಸೀಟಿನ ನಡುವೆಯಾದರೆ ಜಿಲ್ಲಾ ಕಾಲೇಜು, ಎರಡನೇ ಮಾತಿಲ್ಲ. ತೀರಾ ಹೊಸ ಕಾಲೇಜಾದರೆ ಮೊದಲ ಬ್ಯಾಚ್ ಹೊರಬಂದಿದೆಯೇ, ಕ್ಯಾಂಪಸ್‌ನಿಂದ ಬೋಧನಾ ಆಸ್ಪತ್ರೆ ಎಷ್ಟು ದೂರ, ಬಸ್ಸು ಯಾರದು ಎಂಬುದನ್ನು ಕೇಳಿ. ಹಳೆಯ ಜಿಲ್ಲಾಸ್ಪತ್ರೆ ಊರೊಳಗಿದ್ದು ಕಾಲೇಜು ಊರಾಚೆ ಇದ್ದರೆ ದಿನಕ್ಕೆ ಒಂದು ಗಂಟೆ ರಸ್ತೆಯಲ್ಲೇ ಹೋಗುತ್ತದೆ.

ಭಾಷೆಯನ್ನೂ ಲೆಕ್ಕಕ್ಕೆ ಸೇರಿಸಿ. ಹುಬ್ಬಳ್ಳಿಯಲ್ಲಿ ರೋಗಿ ‘ಎದಿ ಉರೀತೈತ್ರಿ’ ಅಂದದ್ದು ಹುಳಿತೇಗೋ ಹೃದಯದ ನೋವೋ ಎಂದು ಬಿಡಿಸಿ ಕೇಳಬೇಕು. ಮಂಗಳೂರಿನಲ್ಲಿ ತುಳು, ಮಲಯಾಳಂ. ಬೀದರ್‌ನಲ್ಲಿ ಉರ್ದು, ಮರಾಠಿ. ಕನ್ನಡ ಬಲ್ಲವರಿಗೆ ಇದು ಆರು ತಿಂಗಳಲ್ಲಿ ಒಲಿಯುತ್ತದೆ. ಅಖಿಲ ಭಾರತ ಕೋಟಾದಲ್ಲಿ ಭಾಷೆಯೇ ಗೊತ್ತಿಲ್ಲದ ರಾಜ್ಯಕ್ಕೆ ಹೋಗುವವರು ಎರಡು ಸಲ ಯೋಚಿಸಬೇಕು, ಜೊತೆಗೆ ಅಲ್ಲಿನ ಬಾಂಡ್ (ಓದು ಮುಗಿದ ಮೇಲೆ ಸರ್ಕಾರಿ ಸೇವೆ ಮಾಡುವ ಕರಾರು) ಓದಬೇಕು. ಮಹಾರಾಷ್ಟ್ರದಲ್ಲಿ ಸರ್ಕಾರಿ ಸೀಟಿಗೆ ಒಂದು ವರ್ಷದ ಸೇವೆ ಕಡ್ಡಾಯ. ನಮ್ಮಲ್ಲೂ 2012ರ ಕಾಯ್ದೆ ಒಂದು ವರ್ಷದ ಕಡ್ಡಾಯ ಸೇವೆಯ ನಿಯಮ ತಂದಿತ್ತು, ಆಮೇಲೆ ಅದಕ್ಕೆ ತಿದ್ದುಪಡಿಯೂ ಆಗಿದೆ. ಸಹಿ ಹಾಕುವ ವರ್ಷದ ಬಾಂಡ್‌ನ ಒಕ್ಕಣೆಯೇ ಅಂತಿಮ. ಇನ್ನೊಂದು: ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಎಂಸಿಸಿಯಲ್ಲಿ ನಡೆಯುವುದಿಲ್ಲ. ಜಾತಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರಬೇಕು, ಕೇಂದ್ರದ ನಮೂನೆಯ ಪತ್ರವೇ ಬೇಕು.

ಹಂಚಿಕೆ ಬಂತು ಎನ್ನಿ. ಕೆಇಎಯಲ್ಲಿ ಛಾಯ್ಸ್-1 ಎಂದರೆ ಇದೇ ಸಾಕು, ಸೇರುತ್ತೇನೆ; ಛಾಯ್ಸ್-2 ಎಂದರೆ ಇದನ್ನು ಹಿಡಿದುಕೊಂಡು ಮೇಲಿನದಕ್ಕೆ ಕಾಯುತ್ತೇನೆ; ಛಾಯ್ಸ್-3 ಎಂದರೆ ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ; ಛಾಯ್ಸ್-4 ಎಂದರೆ ಪೂರ್ತಿ ಹೊರಗೆ. ಪಟ್ಟಿ ಸರಿಯಾಗಿ ಮಾಡಿದವರಿಗೆ ಮೊದಲ ಸುತ್ತಿನಲ್ಲಿ ಸಹಜವಾದದ್ದು ಛಾಯ್ಸ್-2. ಛಾಯ್ಸ್-3 ಒತ್ತುವ ಪ್ರಸಂಗ ಬಂದಿದೆ ಎಂದರೆ ಬೇಡದ್ದನ್ನು ಬರೆದಿದ್ದಿರಿ ಎಂದೇ ಅರ್ಥ. ಛಾಯ್ಸ್-2ರಲ್ಲಿ ಮೇಲಿನ ಸೀಟು ಸಿಕ್ಕಿತೆಂದರೆ ಹಳೆಯದು ತಾನಾಗಿ ರದ್ದು, ‘ಹಳೆಯದೇ ಇರಲಿ’ ಎನ್ನುವಂತಿಲ್ಲ. ಹಾಗಾಗಿ ಎರಡನೇ ಸುತ್ತಿಗೆ ಮುನ್ನ, ಈಗ ಕೈಯಲ್ಲಿರುವ ಸೀಟಿಗಿಂತ ನಿಜಕ್ಕೂ ಮೇಲಲ್ಲದ ಎಲ್ಲವನ್ನೂ, ವಿಶೇಷವಾಗಿ ಪಿ ಸಾಲುಗಳನ್ನು, ಅಳಿಸಿಬಿಡಿ.

ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟಿಗೆ ಸೇರದಿದ್ದರೆ ನಷ್ಟವಿಲ್ಲ. ಎರಡನೇ ಸುತ್ತಿನಲ್ಲಿ ಬಿಟ್ಟರೆ ಠೇವಣಿ ಹೋಗುತ್ತದೆ. ಮೂರನೇ ಸುತ್ತಿನಲ್ಲಿ ಸೇರಿದರೆ ಅಲ್ಲಿಗೆ ಮುಗಿಯಿತು, ರಾಜ್ಯದ ಸುತ್ತುಗಳಿಗೂ ಬಾಗಿಲು ಮುಚ್ಚಿತು. ಎರಡೂ ಕಡೆ ಮೊದಲ ಸುತ್ತಿನಲ್ಲಿ ಸೀಟು ಬಂದರೆ, ಸೇರುವ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಕಗ್ಗಂಟಾಗುವುದು ಮೂಲ ದಾಖಲೆಗಳಲ್ಲಿ: ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪತ್ರ ಇರುವುದು ಒಂದೊಂದೇ ಪ್ರತಿ, ಒಂದು ಕಾಲೇಜು ಇಟ್ಟುಕೊಂಡರೆ ಇನ್ನೊಂದಕ್ಕೆ ತೋರಿಸಲು ಏನೂ ಇರುವುದಿಲ್ಲ. ಸೇರುವ ದಿನವೇ ‘ಈ ಮೂಲ ದಾಖಲೆಗಳನ್ನು ಪಡೆದಿದ್ದೇವೆ’ ಎಂಬ ಮೊಹರು ಹಾಕಿದ ಪಟ್ಟಿ ಪಡೆಯಿರಿ, ಎಲ್ಲದರ ಬಣ್ಣದ ಸ್ಕ್ಯಾನ್ ಮತ್ತು ಹತ್ತು ಸೆಟ್ ದೃಢೀಕೃತ ನಕಲು ಮೊದಲೇ ಮಾಡಿಸಿಡಿ. ಎಂಸಿಸಿ ಸೀಟು ಬಿಡುವಾಗ ಕೈಬರಹದ ರಾಜೀನಾಮೆಗೆ ಬೆಲೆಯಿಲ್ಲ. ಕಾಲೇಜಿನವರು ಎಂಸಿಸಿಯ ಪೋರ್ಟಲ್‌ನಲ್ಲೇ ಅದನ್ನು ನಮೂದಿಸಿ, ಅಲ್ಲಿಂದ ಬರುವ ಪತ್ರವನ್ನು ಮುದ್ರಿಸಿ ಕೊಡಬೇಕು. ಅದು ಕೈಗೆ ಬರುವವರೆಗೆ ಕಚೇರಿಯ ಬಾಗಿಲಿನಿಂದ ಕದಲಬೇಡಿ.