ಮೊದಲ ಜೊತೆ ಪಳಗಿಸಿದ್ದು

ನಮ್ಮೂರು ಕುಣಿಗಲ್ ಕಡೆ. ಇದುವರೆಗೆ ಮೂರು ಜೊತೆ ಹಳ್ಳಿಕಾರ್ ತಳಿಯ ಕರು ನೊಗಕ್ಕೆ ಪಳಗಿಸಿ ಮಾರಿದ್ದೇನೆ. ಎಡವಿದ್ದೆಲ್ಲ ಮೊದಲ ಜೊತೆಯಲ್ಲೇ.

ಕರು ತರುವಾಗ ನಾನು ನೋಡಿದ್ದು ಬಣ್ಣ, ಕೊಂಬು. ಎರಡೂ ಬೂದು ಮೈ, ಇನ್ನೂ ಹಾಲುಹಲ್ಲು. ಅಪ್ಪ ಮಾತ್ರ ಮೈಮೇಲಿನ ಕೂದಲಿನ ಸುಳಿ ನೋಡಿ, ಆಮೇಲೆ ಎರಡನ್ನೂ ನಡೆಸಿ ನೋಡಿದರು. "ಒಂದು ಓಡುತ್ತೆ, ಇನ್ನೊಂದು ಯೋಚನೆ ಮಾಡುತ್ತೆ. ಜೊತೆ ಕೂಡೋದು ಕಷ್ಟ ಕಣೋ" ಅಂದರು. ನಾನು ಕೇಳಲಿಲ್ಲ.

ಮೂಗುದಾರದ ಗಾಯ ಒಣಗಿದ್ದೇ ತಡ, ಎರಡನ್ನೂ ಒಟ್ಟಿಗೆ ನೊಗಕ್ಕೆ ಕಟ್ಟಿದೆ. ಒಂದು ಮುಂದಕ್ಕೆ ಜಿಗಿಯಿತು, ಇನ್ನೊಂದು ಮಲಗಿಬಿಟ್ಟಿತು. ನೊಗ ಓರೆಯಾಗಿ ಚುರುಕಿನ ಕರುವಿನ ಹೆಗಲು ಕಿತ್ತುಬಂತು. ಮೂರು ವಾರ ನೊಗ ಮುಟ್ಟಿಸಲಿಲ್ಲ. ಹುಣ್ಣಿನ ಮೇಲೆ ನೊಗ ಇಟ್ಟರೆ ದನ ಅದನ್ನು ಮರೆಯಲ್ಲ, ಆಮೇಲೆ ನೊಗ ಕಂಡರೇ ಹಿಂದೆ ಸರಿಯುತ್ತೆ.

ಆಮೇಲೆ ಅಪ್ಪನ ದಾರಿ ಹಿಡಿದೆ. ಒಂದೊಂದೇ ಕರುವನ್ನು ಮನೆಯ ಮುದಿ ಎತ್ತಿನ ಜೊತೆ ಕಟ್ಟುವುದು. ಮೊದಲು ಬರೀ ನೊಗ ಹೊರಿಸಿ ಊರು ಸುತ್ತಿಸಿದೆ. ಆಮೇಲೆ ಮರದ ದಿಮ್ಮಿ, ಆಮೇಲೆ ಖಾಲಿ ಗಾಡಿ. ಬಿಸಿಲು ಏರುವ ಮುಂಚೆ ಅರ್ಧ ಗಂಟೆ, ಅಷ್ಟೇ. ಮೈಸೂರು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ದನಕ್ಕೂ ಮೂಲ ಹಳ್ಳಿಕಾರೇ ಅಲ್ವಾ, ಓಟ ಹುಟ್ಟಿನಿಂದಲೇ ಇದೆ. ನಿಲ್ಲುವುದನ್ನು ಕಲಿಸಬೇಕು. ಅದನ್ನು ನನಗಿಂತ ಚೆನ್ನಾಗಿ ಕಲಿಸಿದ್ದು ಆ ಮುದಿ ಎತ್ತು.

ಎರಡು ತಿಂಗಳಾದ ಮೇಲೆ ಜೊತೆ ಮಾಡಿದೆ. ಆಗಲೂ ನಿಧಾನದ್ದು ಹಿಂದೆ ಬೀಳುತ್ತಿತ್ತು. ನೊಗವನ್ನು ಗಾಡಿಯ ಮೂಕಿಗೆ ಬಿಗಿಯುವ ನಡುವಿನ ಹಗ್ಗ, ಅಂದರೆ ಮಿಣಿಯನ್ನು, ಚುರುಕಿನ ಕಡೆಗೆ ಎರಡು ಬೆರಳು ಸರಿಸಿ ಕಟ್ಟಿದೆ. ಭಾರ ಅದರ ಮೇಲೆ ಜಾಸ್ತಿ ಬಿತ್ತು, ಇನ್ನೊಂದಕ್ಕೆ ಹಗುರವಾಯಿತು. ನೊಗ ನೆಟ್ಟಗೆ ನಿಂತಿತು.

2022ರಲ್ಲಿ ಮಾರಬೇಕಿತ್ತು. ಚರ್ಮಗಂಟು ರೋಗ ಹರಡಿ ದನದ ಜಾತ್ರೆಗಳಿಗೆ ನಿಷೇಧ ಬಂತು. ಇನ್ನೊಂದು ವರ್ಷ ರಾಗಿ ಹುಲ್ಲು, ಬೇಯಿಸಿದ ಹುರುಳಿ ಹಾಕಿ ಸಾಕಿದೆ. ಖರ್ಚು ಕೇಳಬೇಡಿ.

ಮುಂದಿನ ವರ್ಷ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೊಡೆದುಕೊಂಡು ಹೋದೆವು. ಒಬ್ಬರು ಬಂದು ಬಾಯಿ ಬಿಡಿಸಿ ಹಲ್ಲು ನೋಡಿದರು, ನಡೆಸಿ ನೋಡಿದರು. ಬೇರೆಯವರಿಗೆ ಕಾಣದ ಹಾಗೆ ಟವೆಲ್ ಕೆಳಗೆ ನನ್ನ ಬೆರಳು ಹಿಡಿದು, ಬೆರಳಿಗೆ ಇಷ್ಟು ಅನ್ನೋ ಲೆಕ್ಕದಲ್ಲಿ ಬೆಲೆ ಹೇಳಿದರು. ಕೊಡೋಣ ಅಂದುಕೊಂಡೆ. ಅಷ್ಟರಲ್ಲಿ ಅವರ ಇನ್ನೊಂದು ಕೈ ಕರುವಿನ ಹೆಗಲ ಮೇಲೆ ನಿಂತಿತು. ಅಲ್ಲಿ ಕೂದಲು ಬೆಳ್ಳಗೆ ಬಂದಿತ್ತು.

"ಇಲ್ಲೇನಾಗಿತ್ತು?"

ಇದ್ದದ್ದು ಹೇಳಿದೆ. ಟವೆಲ್ ಕೆಳಗೆ ಒಂದು ಬೆರಳು ಬಿಟ್ಟುಬಿಟ್ಟರು.