ಒಪ್ಪದ ಪಕ್ಷಕ್ಕೆ ಏಳು ನಿಮಿಷ: ಆಲ್ಬರ್ಟಾ ಚರ್ಚೆಯಲ್ಲಿ ನನ್ನ ಅನುಭವ

ಚೀಟಿ ಬಿಡಿಸಿ ನೋಡಿದೆ. 'ಪರ' ಅಂತ ಬರೆದಿತ್ತು. ವಿಷಯ ಇದು: ಆಲ್ಬರ್ಟಾ ಪ್ರಾಂತ್ಯ ಕೆನಡಾ ಬಿಟ್ಟು ಬೇರೆ ದೇಶವಾಗಬೇಕೇ?

ನಾನು 14 ವರ್ಷದಿಂದ ಕ್ಯಾಲ್ಗರಿಯಲ್ಲಿದ್ದೇನೆ. ತೈಲ ಸಾಗಿಸುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ಕೆನಡಾದ ಪೌರತ್ವ ಸಿಕ್ಕ ದಿನ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಈ ದೇಶ ಒಡೆಯಬೇಕು ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಚೀಟಿ ಬದಲಿಸಿಕೊಳ್ಳಬಹುದಾ ಅಂತ ಕೇಳಿದೆ. ನಮ್ಮ ಬಡಾವಣೆಯ ಚರ್ಚಾಕೂಟದಲ್ಲಿ ಅದಕ್ಕೆ ಅವಕಾಶವಿಲ್ಲ. ಏಳು ನಿಮಿಷ ಮಾತಾಡಬೇಕು, ಆಮೇಲೆ ಸಭೆಯ ಪ್ರಶ್ನೆಗಳು. ಕೈಯಲ್ಲಿ ಮೂರು ವಾರ ಇತ್ತು.

ಇದು 2025ರ ಮಾತು. ಪ್ರಾಂತ್ಯದ ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿಯ ಹಾಗೆ) ಡೇನಿಯಲ್ ಸ್ಮಿತ್ ಅವರ ಸರ್ಕಾರ ಜನಮತಗಣನೆ ಕೇಳಲು ಬೇಕಾದ ಸಹಿಗಳ ಸಂಖ್ಯೆಯನ್ನು ಆ ವರ್ಷ ತುಂಬಾ ಇಳಿಸಿತ್ತು. ಸುಮಾರು 1,77,000 ಸಹಿ ಇದ್ದರೆ ಸಾಕಾಗಿತ್ತು. ಹಾಗಾಗಿ ಬೇರೆಯಾಗುವ ಮಾತು ಆಫೀಸಿನ ಊಟದ ಕೋಣೆಗೂ ಬಂದಿತ್ತು. ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಲೆಕ್ಕದವಳು ಅಲ್ವಾ, ಮೊದಲು ದುಡ್ಡಿನಿಂದಲೇ ಶುರು ಮಾಡಿದೆ. ಇಲ್ಲಿ ಈಕ್ವಲೈಸೇಷನ್ ಅಂತ ಒಂದು ವ್ಯವಸ್ಥೆ 1957ರಿಂದ ಇದೆ. ವರಮಾನ ಹುಟ್ಟಿಸುವ ಶಕ್ತಿ ಕಡಿಮೆ ಇರುವ ಪ್ರಾಂತ್ಯಗಳಿಗೆ ಒಟ್ಟಾವಾ, ಅಂದರೆ ಕೆನಡಾದ ಕೇಂದ್ರ ಸರ್ಕಾರ, ಹಣ ಕೊಡುತ್ತದೆ. ಆಲ್ಬರ್ಟಾಕ್ಕೆ ಅದು ಕೊನೆಯ ಸಲ ಸಿಕ್ಕಿದ್ದು 1964-65ರಲ್ಲಿ. ನಾನು ಭಾಷಣದಲ್ಲಿ 'ಆಲ್ಬರ್ಟಾ ಪ್ರತಿ ವರ್ಷ ಕ್ವಿಬೆಕ್ ಪ್ರಾಂತ್ಯಕ್ಕೆ ಚೆಕ್ ಬರೆಯುತ್ತದೆ' ಅಂತ ಬರೆದೆ. ನಮ್ಮ ಯಜಮಾನರು ಓದಿ, "ಆ ಚೆಕ್ ಯಾರು ಬರೆದರು ತೋರಿಸು, ನೋಡೋಣ" ಅಂದರು. ತೋರಿಸಲು ಆಗಲಿಲ್ಲ. ಯಾಕೆಂದರೆ ಅಂಥ ಚೆಕ್ಕೇ ಇಲ್ಲ. ಹಣ ಹೋಗುವುದು ಒಟ್ಟಾವಾದ ಬೊಕ್ಕಸದಿಂದ. ಅದಕ್ಕೆ ಎಲ್ಲ ಪ್ರಾಂತ್ಯದವರೂ ಒಂದೇ ದರದಲ್ಲಿ ಕೇಂದ್ರದ ತೆರಿಗೆ ಕಟ್ಟುತ್ತಾರೆ. ಇಲ್ಲಿ ಸಂಬಳ ಜಾಸ್ತಿ, ಹಾಗಾಗಿ ತೆರಿಗೆಯೂ ಜಾಸ್ತಿ ಹೋಗುತ್ತದೆ. ಆ ಸಾಲು ಹೊಡೆದುಹಾಕಿದೆ. ಈ ವಿಷಯ ಮಾತಾಡುವವರಿಗೆ ನನ್ನ ಕಳಕಳಿಯ ಮಾತು ಒಂದೇ. ಚೆಕ್ಕಿನ ಕಥೆ ಹೇಳಬೇಡಿ. ತಿಳಿದವರೊಬ್ಬರು ಸಭೆಯಲ್ಲಿದ್ದರೂ ನಿಮ್ಮ ಉಳಿದ ಮಾತನ್ನು ಯಾರೂ ನಂಬುವುದಿಲ್ಲ.

ಹಾಸನದಲ್ಲಿರುವ ತಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. "ನಮ್ಮದೂ ಇದೇ ಕಥೆ ಅಲ್ವಾ ಅಕ್ಕ" ಅಂದ. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713%ನಿಂದ 3.647%ಗೆ ಇಳಿದಿದ್ದು, 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ಗೆ ಹೋಗಿ 'ನನ್ನ ತೆರಿಗೆ ನನ್ನ ಹಕ್ಕು' ಅಂದಿದ್ದು ಅವನಿಗೆ ನೆನಪಿತ್ತು. ಆದರೆ ಅಲ್ಲಿ ಕೇಳಿದ್ದು ಪಾಲು. ಬೇರೆ ದೇಶ ಅಲ್ಲ. ಇಲ್ಲಿ ಕೆಲವರು ಪಾಲಿನ ಮಾತಿನಿಂದ ಮನೆ ಬಿಡುವ ಮಾತಿಗೆ ಹೋಗಿದ್ದು ಹೇಗೆ? ಎರಡನೇ ವಾರ ಪೂರ್ತಿ ನನ್ನ ತಲೆಯಲ್ಲಿ ಇದೇ ಇತ್ತು.

ಉತ್ತರ ಸಿಕ್ಕಿದ್ದು ನನ್ನ ಸಹೋದ್ಯೋಗಿಯೊಬ್ಬರಿಂದ. ಅವರಿಗೆ 60 ದಾಟಿದೆ. ತೈಲಬಾವಿಗಳ ರಿಪೇರಿ ಅವರ ತಂದೆಯ ಕೆಲಸವಾಗಿತ್ತು. 1980ರ ಅಕ್ಟೋಬರ್‌ನಲ್ಲಿ ಪಿಯರ್ ಟ್ರೂಡೊ ಸರ್ಕಾರ ರಾಷ್ಟ್ರೀಯ ಇಂಧನ ಯೋಜನೆ ತಂದಿತು. ದೇಶದೊಳಗೆ ತೈಲದ ಬೆಲೆಯನ್ನು ಹೊರಗಿನ ಬೆಲೆಗಿಂತ ಕಡಿಮೆ ಇಟ್ಟಿತು, ಮೇಲೆ ಹೊಸ ತೆರಿಗೆ ಹಾಕಿತು. ಎರಡು ವರ್ಷದೊಳಗೆ ಅವರ ತಂದೆಯ ಯಂತ್ರಗಳು ಅಂಗಳದಲ್ಲಿ ನಿಂತವು. ಸಾಲ ಕಟ್ಟಲಾಗಲಿಲ್ಲ. ಒಂದು ಬೆಳಗ್ಗೆ ಮನೆಯ ಬೀಗದ ಕೈಯನ್ನು ಬ್ಯಾಂಕಿನ ಮೇಜಿನ ಮೇಲೆ ಇಟ್ಟು ಬಂದರಂತೆ. ಇವರು ಆಗ ಹೈಸ್ಕೂಲು.

ನಾನು ಓದಿಕೊಂಡಿದ್ದೆ. ಆ ಹೊತ್ತಿಗೆ ಪ್ರಪಂಚದ ಎಲ್ಲ ಕಡೆ ತೈಲದ ಬೆಲೆ ಕುಸಿಯುತ್ತಿತ್ತು, ಬಡ್ಡಿ 20%ರ ಹತ್ತಿರ ಹೋಗಿತ್ತು. ಎಲ್ಲವೂ ಒಟ್ಟಾವಾದ ತಪ್ಪಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. "ಅದು ನನಗೂ ಗೊತ್ತು. ಆದರೆ ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ" ಅಂದರು.

ಅವತ್ತು ರಾತ್ರಿ ಹಳೆಯ ಭಾಷಣ ಬದಿಗಿಟ್ಟು ಮತ್ತೆ ಮೊದಲಿಂದ ಬರೆದೆ. ದುಡ್ಡಿನ ಭಾಗ ಒಂದು ನಿಮಿಷಕ್ಕೆ ಇಳಿಯಿತು. 'ಕೇಳಲಿಲ್ಲ' ಎಂಬುದೇ ಬೆನ್ನೆಲುಬಾಯಿತು. 1905ರಲ್ಲಿ ಪ್ರಾಂತ್ಯ ಹುಟ್ಟಿದರೂ ನೆಲದಡಿಯ ಸಂಪತ್ತಿನ ಹಕ್ಕು ಅದರ ಕೈಗೆ ಬಂದಿದ್ದು 1930ರಲ್ಲಿ. 1947ರಲ್ಲಿ ಲೆಡಕ್ ಹತ್ತಿರ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. 1982ರ ಫೆಬ್ರವರಿಯಲ್ಲಿ ಓಲ್ಡ್ಸ್-ಡಿಡ್ಸ್‌ಬರಿ ಉಪಚುನಾವಣೆಯಲ್ಲಿ ಬೇರೆಯಾಗಬೇಕು ಎನ್ನುವ ಪಕ್ಷ ಗೆದ್ದೇಬಿಟ್ಟಿತು. ಅದೇ ವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸುಮಾರು 12% ಮತ ಬಂತು, ಸೀಟು ಒಂದೂ ಬರಲಿಲ್ಲ. ಮುಂದೆ ನಾರ್ದರ್ನ್ ಗೇಟ್‌ವೇ, ಎನರ್ಜಿ ಈಸ್ಟ್ ಎಂಬ ಎರಡು ಪೈಪ್‌ಲೈನ್ ಯೋಜನೆಗಳು 2016, 2017ರಲ್ಲಿ ನಿಂತುಹೋದವು. ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದಾಗ ನನಗೇ ಎದೆ ಭಾರವಾಯಿತು. ನನ್ನ ಅಭಿಪ್ರಾಯ ಬದಲಾಗಲಿಲ್ಲ. ಆದರೆ ಈ ನೋವನ್ನು ಸುಮ್ನೆ ಹಣದ ಆಸೆ ಅಂತ ತಳ್ಳಿಹಾಕುವವರ ಜೊತೆ ಇನ್ನು ನಾನು ನಿಲ್ಲಲಾರೆ.

ಇಷ್ಟಾದರೂ ಒಂದು ಗಂಟು ಬಿಚ್ಚಲಿಲ್ಲ. ಆಲ್ಬರ್ಟಾಕ್ಕೆ ಸಮುದ್ರ ಇಲ್ಲ. ಸಮುದ್ರವಿಲ್ಲದ ದೇಶಕ್ಕೂ ಕಡಲಿಗೆ ಹೋಗುವ ಹಕ್ಕಿದೆ ಅಂತ ವಿಶ್ವಸಂಸ್ಥೆಯ ಸಮುದ್ರ ಕಾನೂನು ಹೇಳುತ್ತದೆ. ಸಮಾಧಾನವಾಯಿತು. ಆಮೇಲೆ 124ನೇ ವಿಧಿಯನ್ನು ನಿಧಾನವಾಗಿ ಓದಿದೆ. ಸಾಗಾಟ ಅಂದರೆ ರೈಲು, ದೋಣಿ, ರಸ್ತೆ ವಾಹನ ಅಂತ ಅಲ್ಲಿ ಇದೆ. ಪೈಪ್‌ಲೈನ್ ಸೇರಬೇಕಾದರೆ ನಡುವಿನ ದೇಶವೂ ಒಪ್ಪಬೇಕು! ಅಂದರೆ ಮತ್ತೆ ಕೆನಡಾವನ್ನೇ ಕೇಳಬೇಕು. ಪೆಸಿಫಿಕ್ ತೀರಕ್ಕೆ ತೈಲ ಒಯ್ಯುವ ಟ್ರಾನ್ಸ್ ಮೌಂಟನ್ ಕೊಳವೆಯನ್ನು 2018ರಲ್ಲಿ 4.5 ಬಿಲಿಯನ್ ಡಾಲರ್ ಕೊಟ್ಟು ಕೊಂಡಿದ್ದೂ ಒಟ್ಟಾವಾ ಸರ್ಕಾರವೇ. ವಿಸ್ತರಣೆ ಮುಗಿಯುವ ಹೊತ್ತಿಗೆ ಆದ ಖರ್ಚು ಸುಮಾರು 34 ಬಿಲಿಯನ್. ದಕ್ಷಿಣ ಸುಡಾನ್ 2011ರಲ್ಲಿ ಸ್ವತಂತ್ರವಾಯಿತು. ಹಳೆಯ ದೇಶದ ಹೆಚ್ಚಿನ ತೈಲ ಅದರ ಪಾಲಿಗೆ ಬಂತು, ಕೊಳವೆ ಮಾತ್ರ ಸುಡಾನ್ ಮೂಲಕವೇ ಹೋಗುತ್ತಿತ್ತು. ಸಾಗಣೆ ಶುಲ್ಕದ ಜಗಳದಲ್ಲಿ 2012ರ ಜನವರಿಯಲ್ಲಿ ತೈಲ ತೆಗೆಯುವುದನ್ನೇ ನಿಲ್ಲಿಸಬೇಕಾಯಿತು.

ಎದುರು ಪಕ್ಷದವರು ಇದನ್ನು ಎತ್ತೇ ಎತ್ತುತ್ತಾರೆ ಅಂತ ಗೊತ್ತಿತ್ತು. ಹಾಗಾಗಿ ನಾನೇ ಮೊದಲು ಹೇಳಿಬಿಟ್ಟೆ. ಹೇಳಿ, ಉತ್ತರವನ್ನೂ ಕೊಟ್ಟೆ. ನಮ್ಮ ತೈಲದ ಬಹುಪಾಲು ಈಗಲೂ ದಕ್ಷಿಣಕ್ಕೆ, ಅಮೆರಿಕಕ್ಕೆ ಹೋಗುತ್ತದೆ. ವ್ಯಾಂಕೂವರ್ ಬಂದರಿನಿಂದ ಪೂರ್ವಕ್ಕೆ ಹೋಗುವ ಕೆನಡಾದ ರೈಲುಗಳು ಆಲ್ಬರ್ಟಾದ ಮೇಲೆಯೇ ಹಾದುಹೋಗಬೇಕು. ಇಬ್ಬರ ಕೈಯಲ್ಲೂ ಒಂದೊಂದು ಬಾಗಿಲಿದೆ ಅಂದೆ. ಗಟ್ಟಿ ಉತ್ತರ ಅಂತ ಹೇಳಲಾರೆ, ಆದರೆ ಸಭೆ ಕಿವಿಗೊಟ್ಟು ಕೇಳಿತು.

ಕಾನೂನಿನ ಭಾಗ ಚಿಕ್ಕದು. 1998ರಲ್ಲಿ ಕ್ವಿಬೆಕ್ ಬೇರೆಯಾಗುವ ವಿಚಾರದಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದನ್ನೇ ಹೇಳಿದೆ. ಯಾವ ಪ್ರಾಂತ್ಯವೂ ತಾನಾಗಿ ಎದ್ದು ಹೋಗುವಂತಿಲ್ಲ. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು.

ಚರ್ಚೆಯ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಮಗಳ ಮುಂದೆ ಒಪ್ಪಿಸಿದೆ. ಹತ್ತನೇ ಕ್ಲಾಸು ಅವಳು. ಕೊನೆಯವರೆಗೂ ಕೇಳಿ, "ಅಮ್ಮಾ, ಟ್ರೀಟಿ 7 ಎಲ್ಲಿ ಬಂತು ಇದರಲ್ಲಿ?" ಅಂದಳು. ಬಂದೇ ಇರಲಿಲ್ಲ. ಈ ನೆಲದ ಮೂಲ ಜನಾಂಗಗಳು 1876, 1877, 1899ರಲ್ಲಿ ಮಾಡಿಕೊಂಡ 6, 7, 8ನೇ ಒಪ್ಪಂದಗಳು ಆಲ್ಬರ್ಟಾದ ಹೆಚ್ಚುಕಡಿಮೆ ಎಲ್ಲ ನೆಲಕ್ಕೂ ಅನ್ವಯಿಸುತ್ತವೆ. ಒಪ್ಪಂದ ಆಗಿದ್ದು ಬ್ರಿಟಿಷ್ ರಾಜಸತ್ತೆಯ ಜೊತೆ. ಆಲ್ಬರ್ಟಾ ಆಗ ಹುಟ್ಟಿಯೇ ಇರಲಿಲ್ಲ. 'ನಮ್ಮನ್ನು ಯಾರೂ ಕೇಳಲಿಲ್ಲ' ಅಂತ ಏಳು ನಿಮಿಷ ವಾದಿಸಲು ಹೊರಟವಳು, ಇವರನ್ನು ಕೇಳಬೇಕು ಅಂತ ಒಂದು ಸಾಲೂ ಬರೆದಿರಲಿಲ್ಲ. ತುಂಬಾ ನಾಚಿಕೆಯಾಯಿತು. ಇವರ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು ಅಂತ ಕೊನೆಯಲ್ಲಿ ಸೇರಿಸಿದೆ. ಎದುರು ಪಕ್ಷದವರು ಅದನ್ನೇ ಹಿಡಿದು, "ಆ ಒಪ್ಪಿಗೆ ಸಿಗದಿದ್ದರೆ?" ಅಂತ ಕೇಳಿದರು. ಸಿಗದಿದ್ದರೆ ನಿಲ್ಲಿಸಬೇಕು ಅಂದೆ. ಅಲ್ಲಿಗೆ ನಾನು ಸೋತೆ. ಮತಗಳೂ ಹಾಗೇ ಬಂದವು.

ಸಹೋದ್ಯೋಗಿ ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರ ಕೈ ಯಾವ ಕಡೆ ಎದ್ದಿತು ಅಂತ ನಾನು ನೋಡಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು.

ಟ್ರೀಟಿ 7ಕ್ಕೆ ಸಹಿ ಬಿದ್ದ ಜಾಗ ಬ್ಲ್ಯಾಕ್‌ಫುಟ್ ಕ್ರಾಸಿಂಗ್. ಸಿಕ್ಸಿಕಾ ಜನರ ನೆಲ, ನಮ್ಮೂರಿಂದ ಪೂರ್ವಕ್ಕೆ ಸುಮಾರು ಒಂದು-ಒಂದೂವರೆ ಗಂಟೆಯ ದಾರಿ. ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿಲ್ಲ. ಹಿಮ ಕರಗಿದ ಮೇಲೆ ಮಗಳ ಜೊತೆ ಹೊರಡುತ್ತಿದ್ದೇನೆ.